ಹನ್ನೊಂದು ದಿನದ ಪುಟ

ಮೂಲೆಮನೆಯಮ್ಮನ ಕೊಟ್ಟಿಗೆಯಲ್ಲಿ ಆರು ತಿಂಗಳ ಗಬ್ಬದ ಹಸು ಕಂದು ಹಾಕಿತು, ದಿನ ತುಂಬದ ಕರು ಸತ್ತು ಬಿತ್ತು ಅಂತ ಫೋನು ಬಂದಾಗ ಡಾಕ್ಟರಮ್ಮನ ಬಾಯಲ್ಲಿ ಇನ್ನೂ ಹಲ್ಲುಜ್ಜುವ ಬ್ರಷ್ಷು ಇತ್ತು. ಸುತ್ತಲಿನ ಆರು ಊರುಗಳಿಂದ ಬಂದ ಹದಿನಾಲ್ಕನೆಯ ಫೋನು ಅದು. ಮೊದಮೊದಲು ಇಂಥ ಸುದ್ದಿ ಬಂದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಈಗ ಕೈ ತಾನಾಗಿಯೇ ಹೋಗಿ ಗೋಡೆಯ ಮೊಳೆಗೆ ತೂಗುಹಾಕಿದ ಜೀಪಿನ ಕೀಲಿ ತೆಗೆದುಕೊಂಡಿತು.

ಹೋಗಿ ನೋಡಿದರೆ ಅರ್ಧ ಕೆಲಸ ಆಗಲೇ ಮುಗಿದಿತ್ತು. ಹಸುವನ್ನು ಬೇರೆ ಕಟ್ಟಿ ಆಗಿತ್ತು, ನೆಲಕ್ಕೆ ಸುಣ್ಣ ಚೆಲ್ಲಿ ಆಗಿತ್ತು, ಮಾಸು ಹೂಳಲು ಹಿತ್ತಲಲ್ಲಿ ಸೊಂಟದುದ್ದದ ಗುಂಡಿ ತೋಡಿ ಆಗಿತ್ತು. ಮೈಮೇಲೆ ಕೂದಲೂ ಮೂಡದ ಆ ಸತ್ತ ಕರು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಸಿಕೊಂಡು ಐಸು ತುಂಬಿದ ಬಕೆಟ್ಟಿನಲ್ಲಿ ಮಲಗಿತ್ತು. ಬಕೆಟ್ಟಿನ ಪಕ್ಕದ ಕಲ್ಲಿನ ಮೇಲೆ ಕೂತು ಭಾವ ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತಿದ್ದರು.

"ಬಾ ದೊರೆಸಾನಿ," ಅಂದರು ಅವರು. "ನಿನ್ನ ದಾರಿ ಕಾದು ಕಾದು ಐಸು ನೀರಾಯ್ತು, ನಾನು ಐಸಾದೆ."

ಭಾವ ಅಂದರೆ ಅಕ್ಕನ ಗಂಡ. ಆ ಆರು ಊರುಗಳ ಹಸುಗಳಿಗೆ ಗಬ್ಬ ಕಟ್ಟಿಸುವ ಒಬ್ಬರೇ ಒಬ್ಬರು. ಬೈಕಿನ ಹಿಂದೆ ನೈಟ್ರೋಜನ್ ಕ್ಯಾನು, ಕ್ಯಾನಿನೊಳಗೆ ಹೆಪ್ಪುಗಟ್ಟಿದ ವೀರ್ಯದ ಸಣ್ಣ ಸಣ್ಣ ಕಡ್ಡಿಗಳು. ಎಲ್ಲಿ ಹಸು ಬೆದೆಗೆ ಬಂದು ಕೂಗಿದರೂ ಅರ್ಧ ಗಂಟೆಯಲ್ಲಿ ಆ ಬೈಕಿನ ಸದ್ದು ಕೇಳುತ್ತಿತ್ತು. ಇಪ್ಪತ್ತಾರು ವರ್ಷದಿಂದ ಹಾಗೇ. ಜನ ಅವರ ಹೆಸರನ್ನೇ ಮರೆತು ಕ್ಯಾನಣ್ಣ ಅಂತ ಕರೆಯುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಡಾಕ್ಟರಮ್ಮ ಬೆಳೆದದ್ದು ಈ ಅಕ್ಕ-ಭಾವನ ಮನೆಯಲ್ಲಿ. ಹದಿನಾರನೆಯ ವಯಸ್ಸಿನಲ್ಲಿ ಅವಳ ಕೈಗೆ ಭುಜದವರೆಗಿನ ಗವಸು ತೊಡಿಸಿ, ಹಸುವಿನ ಹಿಂದೆ ನಿಲ್ಲಿಸಿ, "ಕಣ್ಣು ಮುಚ್ಕೋ, ಆಗ ಕೈಗೆ ಕಣ್ಣು ಬರುತ್ತೆ" ಎಂದು ಗರ್ಭಕೋಶ ಮುಟ್ಟಿಸಿದ್ದು ಇದೇ ಮನುಷ್ಯ. ಆಮೇಲೆ ಅವಳು ಓದಿದ ದಪ್ಪ ಪುಸ್ತಕಗಳೆಲ್ಲ ಆ ಒಂದು ಮಾತಿನ ಬಾಲಗಳು.

"ಎರಡನೇದು ಕಣಮ್ಮ," ಅಂದಳು ಮೂಲೆಮನೆಯಮ್ಮ. ಗಂಡ ಹೋದ ಮೇಲೆ ಎರಡು ಹಸು ಕಟ್ಟಿಕೊಂಡು ಬದುಕಿದವಳು. "ಹೋದ ತಿಂಗಳು ಕೆಂದಿಗೆ ಗಬ್ಬ ನಿಲ್ಲದೆ ಹುಣ್ಣಾಯ್ತು, ಈಗ ಇವಳು. ಯಾರ ಕಣ್ಣು ಬಿತ್ತೋ."

"ಕಣ್ಣಲ್ಲ, ಹುಳ," ಅಂದರು ಭಾವ. "ಕಣ್ಣಿಗೆ ಕಾಣದಷ್ಟು ಸಣ್ಣದು."

"ಕಾಣದ್ದನ್ನ ಇವಳು ಹೇಗೆ ಹಿಡೀತಾಳೆ?"

"ಅವಳು ಹಿಡೀತಾಳೆ. ಚಿಕ್ಕವಳಿದ್ದಾಗ ತಲೆಯಲ್ಲಿ ಹೇನು ಕಂಡ್ರೆ ಬಿಡ್ತಿರಲಿಲ್ಲ, ನಮ್ಮನೆಯವಳನ್ನ ಕೇಳು."

ಮೂಲೆಮನೆಯಮ್ಮ ನಗಲಿಲ್ಲ. ಹಸುವಿನ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತ, "ಹಿಡಿದರೆ ನನಗೂ ಒಂದು ಸಲ ತೋರಿಸಮ್ಮ. ಮುಖ ನೋಡ್ಬೇಕು ಅದರದ್ದು," ಅಂದಳು.

ಹಿಡಿಯುವುದಕ್ಕೆ ಏಳು ತಿಂಗಳು ಹಿಡಿಯಿತು. ಕಂದು ಹಾಕುವುದೆಂದರೆ ಮೊದಲು ಅನುಮಾನ ಬರುವುದು ಒಂದು ಹಳೆಯ ರೋಗದ ಮೇಲೆ. ಅದರ ಪರೀಕ್ಷೆ ಮಾಡಿದರೆ ಒಂದು ಹಸುವಿನ ರಕ್ತವೂ ಗಂಟು ಕಟ್ಟಲಿಲ್ಲ, ಅಂದರೆ ಆ ರೋಗ ಇಲ್ಲ. ಆಮೇಲೆ ಒಂದೊಂದೇ ವೈರಸ್ಸನ್ನು ಅವಳು ಸಾಲಾಗಿ ನಿಲ್ಲಿಸಿ ವಿಚಾರಿಸುತ್ತ ಬಂದಳು. ಕೊನೆಗೆ ಸಿಕ್ಕಿದ್ದು ಹಸುವಿನ ಮೂಗಿನಲ್ಲೂ ಯೋನಿಯಲ್ಲೂ ಹುಣ್ಣು ಮಾಡುವ ಒಂದು ಕಳ್ಳ ವೈರಸ್ಸು. ಅದು ಒಮ್ಮೆ ಹೊಕ್ಕ ಮೈಯನ್ನು ಬಿಟ್ಟು ಹೋಗುವುದಿಲ್ಲ. ನರದ ಬೇರಿನಲ್ಲಿ ಬೂದಿ ಮುಚ್ಚಿದ ಕೆಂಡದ ಹಾಗೆ ಕೂತಿರುತ್ತದೆ. ದನಕ್ಕೆ ಬಿಸಿಲು ತಾಗಲಿ, ಲಾರಿ ಪ್ರಯಾಣವಾಗಲಿ, ಏನೋ ಒಂದು ಆಯಾಸವಾದರೆ ಸಾಕು, ಬೂದಿ ಹಾರಿ ಕೆಂಡ ಏಳುತ್ತದೆ. ಆ ದನ ನೋಡುವುದಕ್ಕೆ ಗುಂಡುಕಲ್ಲಿನ ಹಾಗಿರುತ್ತದೆ, ಅದರ ಪಕ್ಕದಲ್ಲಿ ಕಟ್ಟಿದ್ದು ಕಂದು ಹಾಕುತ್ತದೆ.

ಗೋಡೆಗೆ ಆರು ಊರುಗಳ ನಕ್ಷೆ ಬಡಿದು ಅವಳು ಗುಂಡುಸೂಜಿ ಚುಚ್ಚುತ್ತ ಹೋದಳು. ಪ್ರತಿ ಕೊಟ್ಟಿಗೆಯಲ್ಲೂ ಕಥೆ ಒಂದೇ. ಮೊದಲು ಒಂದು ಹಸುವಿಗೆ ಕಡ್ಡಿ ಕೊಡಿಸಿರುತ್ತಾರೆ, ಅದು ಗಬ್ಬ ನಿಲ್ಲುವುದಿಲ್ಲ, ಹಿಂದೆ ಹುಣ್ಣಾಗುತ್ತದೆ. ಒಂದೆರಡು ತಿಂಗಳಲ್ಲಿ ಪಕ್ಕದ ಗೂಟದ ಗಬ್ಬದ ಹಸು ಕಂದು ಹಾಕುತ್ತದೆ. ಮೊದಲ ಹಸುಗಳಿಗೆಲ್ಲ ಹಾಕಿದ ಕಡ್ಡಿಯ ಮೇಲೆ ಒಂದೇ ಸಂಖ್ಯೆ: ನಲವತ್ತೊಂದು.

ನಲವತ್ತೊಂದನೆಯ ಹೋರಿ ಎಲ್ಲೋ ಇದ್ದದ್ದಲ್ಲ. ಅವಳ ಪ್ರಯೋಗಾಲಯದ ಕಿಟಕಿಯಿಂದ ಬಗ್ಗಿದರೆ ಅದರ ಬೆನ್ನು ಕಾಣುತ್ತಿತ್ತು. ಸಂಸ್ಥೆಯ ಒಂದೇ ಆವರಣದಲ್ಲಿ ಇತ್ತ ಪ್ರಯೋಗಾಲಯ, ಅತ್ತ ವೀರ್ಯ ಕೇಂದ್ರ, ನಡುವೆ ಒಂದು ಹುಲ್ಲಿನ ಬಯಲು. ಕೆಲಸದವರು ಅದಕ್ಕೆ ಅಳಿಯ ಎಂದು ಹೆಸರಿಟ್ಟಿದ್ದರು. "ಹತ್ತು ಸಾವಿರ ಮನೆಯ ಅಳಿಯ, ಒಬ್ಬ ಮಾವನ ಮುಖವನ್ನೂ ನೋಡಿಲ್ಲ" ಎಂದು ಅದರ ಮೈ ತಿಕ್ಕುವವನು ಬಂದವರಿಗೆಲ್ಲ ಹೇಳುತ್ತಿದ್ದ. ಸಂಸ್ಥೆಯ ಕ್ಯಾಲೆಂಡರಿನಲ್ಲಿ ಅಳಿಯ, ನಿರ್ದೇಶಕರ ಕುರ್ಚಿಯ ಹಿಂದಿನ ಗೋಡೆಯ ಮೇಲೂ ಅಳಿಯ.

ಆದರೆ ಹೋರಿಯ ಮೇಲೆ ಬೆರಳು ಮಾಡುವ ಮೊದಲು ಉಳಿದ ದಾರಿಗಳನ್ನೆಲ್ಲ ಮುಚ್ಚಿ ನೋಡಬೇಕು. ಅದು ಅವಳ ಕಸುಬಿನ ನಿಯಮ. ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ಜಗಲಿಯ ಮೇಲೆ ಟಿಪ್ಪಣಿ ಪುಸ್ತಕ ಬಿಡಿಸಿಕೊಂಡು ಕೂತಳು. ಅಕ್ಕ ಮೊರದಲ್ಲಿ ಕಾಳು ಆರಿಸುತ್ತಿದ್ದಳು. ಭಾವ ಕಂಬಕ್ಕೆ ಒರಗಿದ್ದರು.

"ಭಾವ, ಇವತ್ತು ಎಲ್ಲ ಹೇಳ್ಬೇಕು. ಒಳ್ಳೇದು ಹೇಳೋಕೆ ನಿಮಗೆ ಬೇರೆ ಜನ ಇದ್ದಾರೆ, ನನಗೆ ಕೆಟ್ಟದ್ದು ಹೇಳಿ."

"ಕೆಟ್ಟದ್ದು ಅಂದ್ರೆ ನಿನ್ನಕ್ಕನ್ನ ಕಟ್ಕೊಂಡದ್ದೊಂದೇ."

"ಅದನ್ನೂ ಬರ್ಕೋ," ಅಂದಳು ಅಕ್ಕ, ಕಾಳಿನಿಂದ ಕಣ್ಣೆತ್ತದೆ. "ದಿನಾಂಕ ನಾನು ಹೇಳ್ತೀನಿ."

ನಗು ಮುಗಿದ ಮೇಲೆ ಭಾವ ಕಾಲಿನ ಹೆಬ್ಬೆರಳು ನೋಡುತ್ತ ಹೇಳತೊಡಗಿದರು. ಕಡ್ಡಿ ತೂರಿಸುವ ಉಕ್ಕಿನ ಸಲಾಕೆಯ ಮೇಲೆ ಒಂದು ಪ್ಲಾಸ್ಟಿಕ್ ತೊಡುಗೆ ಹಾಕುತ್ತಾರೆ, ಒಂದು ಹಸುವಿಗೆ ಒಂದು, ಆಮೇಲೆ ಬಿಸಾಡಬೇಕು. ಕೇಂದ್ರದಿಂದ ಬರಬೇಕಾದ ತೊಡುಗೆ ಒಂದು ಸಲ ಬರಲೇ ಇಲ್ಲ. ಕೇಳಿದರೆ ನಾಳೆ, ನಾಡಿದ್ದು. ಇತ್ತ ಹಸುಗಳು ಕೂಗುತ್ತಿವೆ. ಬೆದೆ ಯಾರಿಗಾದರೂ ಕಾಯುತ್ತದೆಯೇ? ಹನ್ನೊಂದು ದಿನ ಅವರು ಹಳೆಯ ತೊಡುಗೆಗಳನ್ನೇ ಬಿಸಿನೀರಿನಲ್ಲಿ ಅದ್ದಿ, ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿ ಬಳಸಿದ್ದರು. ಹೇಳುವಾಗ ಅವರ ದನಿ ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವ ಹುಡುಗನದಾಯಿತು.

"ಯಾರಿಗೂ ಹೇಳಿಲ್ಲ. ಇವಳಿಗೂ."

"ಈಗ ಕೇಳಿಸಿತಲ್ಲ," ಅಂದಳು ಅಕ್ಕ. "ಬರೀತೀಯೇನೇ ಅದನ್ನ?"

"ಬರೀಲೇಬೇಕು ಅಕ್ಕ. ಬರೆದರೆ ತಾನೇ ಅದು ಕಾರಣ ಅಲ್ಲ ಅಂತ ತೋರಿಸೋಕಾಗೋದು? ಹೆಸರು ಇರಲ್ಲ. ಕಾರ್ಯಕರ್ತ ಸಂಖ್ಯೆ ಒಂದು ಅಂತ ಹಾಕ್ತೀನಿ."

ಬರೆದಳು. ಯಾವ ಹನ್ನೊಂದು ದಿನ, ಯಾವ ಊರು, ಎಷ್ಟು ಹಸು. ಕೆಳಗಿನ ಎರಡು ಊರು, ಮೂವತ್ತೊಂದು ಹಸು. ಮರುವಾರ ಆ ಮೂವತ್ತೊಂದು ಮನೆಗೂ ತಾನೇ ಹೋಗಿ ಬಂದಳು. ಒಂದು ಹಸುವೂ ಕಂದು ಹಾಕಿರಲಿಲ್ಲ, ಒಂದರಲ್ಲೂ ಹುಣ್ಣಿರಲಿಲ್ಲ. ಇರುವುದಾದರೂ ಹೇಗೆ, ಸ್ಪಿರಿಟ್ಟಿನ ಮುಂದೆ ಆ ವೈರಸ್ಸು ನಿಲ್ಲುವುದಿಲ್ಲ. ಸಾಲದ್ದಕ್ಕೆ ಮೇಲಿನ ಊರುಗಳಲ್ಲಿ ರೋಗ ಶುರುವಾಗಿ ಎರಡು ತಿಂಗಳಾದ ಮೇಲಿನ ಮಾತು ಅದು. ಅದನ್ನೂ ಅದೇ ಪುಟದ ಕೆಳಗರ್ಧದಲ್ಲಿ ಅಚ್ಚುಕಟ್ಟಾಗಿ ಬರೆದು ಗೆರೆ ಎಳೆದಳು. ಭಾವನನ್ನು ತಾನು ಶಾಶ್ವತವಾಗಿ ತೊಳೆದು ಇಟ್ಟೆ ಎಂದು ಅವಳಿಗೆ ಅನಿಸಿತು.

ಆಮೇಲೆ ನಲವತ್ತೊಂದರ ಎಂಟು ಕಡ್ಡಿಗಳನ್ನು ತರಿಸಿ ಪರೀಕ್ಷೆ ಮಾಡಿದಳು. ಮೂರರಲ್ಲಿ ವೈರಸ್ಸು ಇತ್ತು. ಎರಡನೆಯ ಸಲ ಮಾಡಿದಳು, ಮೂರನೆಯ ಸಲ ಮಾಡಿದಳು. ಅದೇ ಮೂರು.

ನಿರ್ದೇಶಕರು ಅವಳು ಕೊಟ್ಟ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅವರು ಕೂಗಾಡುವ ಮನುಷ್ಯನಲ್ಲ. ಒಂದು ಕಾಲದಲ್ಲಿ ಅವರೂ ಕೊಟ್ಟಿಗೆಗಳಲ್ಲಿ ಕೈ ಕೊಳೆ ಮಾಡಿಕೊಂಡವರೇ.

"ಎಂಟರಲ್ಲಿ ಮೂರು."

"ಹೌದು ಸರ್. ಒಂದೇ ಒಂದು ಸಿಕ್ಕಿದರೂ ನಿಲ್ಲಿಸಬೇಕು ಅಂತ ನಿಯಮ ಇದೆ."

"ಗೊತ್ತು ಡಾಕ್ಟ್ರೇ. ಆ ನಿಯಮ ಬರೆದವರಲ್ಲಿ ನಾನೂ ಒಬ್ಬ." ಹಾಳೆ ಮಡಿಸಿ ಡ್ರಾಯರಿನಲ್ಲಿಟ್ಟರು. "ನಿಮ್ಮ ಟಿಪ್ಪಣಿ ಪುಸ್ತಕ ಎಲ್ಲ ಕಳಿಸಿಕೊಡಿ, ಯಂತ್ರದ ಹಾಳೆಗಳನ್ನೂ, ಉಳಿದ ಕಡ್ಡಿಯ ಚೂರುಗಳನ್ನೂ. ಪೂರ್ತಿ ಓದಿಯೇ ಮಾತಾಡೋಣ."

ಒಂಬತ್ತು ಪುಸ್ತಕ ಸಮೇತ ಎಲ್ಲವನ್ನೂ ಅವಳೇ ಹೊತ್ತುಕೊಂಡು ಹೋಗಿ ಕೊಟ್ಟಳು. ಒಬ್ಬ ನಿರ್ದೇಶಕ ಕ್ಷೇತ್ರದ ಟಿಪ್ಪಣಿಯನ್ನು ಪುಟ ಪುಟ ಓದುತ್ತೇನೆ ಅನ್ನುವುದು ಅವಳ ಹನ್ನೆರಡು ವರ್ಷದ ನೌಕರಿಯಲ್ಲಿ ಅದೇ ಮೊದಲು. ಸಂತೋಷವಾಗಿತ್ತು ಎಂದರೆ ಸುಳ್ಳಲ್ಲ.

ಹತ್ತು ದಿನದ ಮೇಲೆ ಕರೆಸಿದರು. ಮೇಜಿನ ಮೇಲೆ ಒಂದೇ ಪುಸ್ತಕ ಇತ್ತು. ಅದರೊಳಗಿಂದ ಹಳದಿ ಚೀಟಿಯೊಂದು ನಾಲಿಗೆಯ ಹಾಗೆ ಹೊರಗೆ ಚಾಚಿತ್ತು.

"ಇದು ನಿಮ್ಮ ಕೈಬರಹ ತಾನೆ? ತೊಡುಗೆ ತೊಳೆದು ಮತ್ತೆ ಬಳಸಿದ್ದಾನೆ. ಹನ್ನೊಂದು ದಿನ."

"ಸರ್, ಆ ಹಸುಗಳಲ್ಲಿ ಒಂದಕ್ಕೂ ಏನೂ ಆಗಿಲ್ಲ. ಕೆಳಗೆ ಬರೆದಿದ್ದೀನಿ."

"ನೋಡಿದೆ. ಆದರೆ ಜನ ಓದೋದು ಮೇಲಿನ ಅರ್ಧ." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹಾಲಿನ ಸಂಘದವರು ದೂರು ಕೊಟ್ಟಿದ್ದಾರೆ. ಏನಾದರೊಂದು ಕಾರಣ ಹೇಳಲೇಬೇಕು. ಹೋರಿ ಅಂದರೆ ಕೇಂದ್ರದ ಮಾನ್ಯತೆ ಹೋಗುತ್ತೆ. ಕೇಂದ್ರ ಮುಚ್ಚಿದರೆ ಈ ಆವರಣಕ್ಕೆ ಬೀಗ. ನಿಮ್ಮ ಫ್ರೀಜರಿನಲ್ಲಿ ಹನ್ನೆರಡು ವರ್ಷದ ರಕ್ತ ಇದೆಯಲ್ಲ, ಅದಕ್ಕೆ ಕರೆಂಟು ಯಾರು ಕೊಡ್ತಾರೆ? ನೀವು ಬೈತಿರೋ ಹೋರಿಯ ಸಗಣಿ ಮೇಲೇ ನಿಮ್ಮ ಲ್ಯಾಬು ನಿಂತಿರೋದು."

ಅವರು ಪುಸ್ತಕ ಮುಚ್ಚಿ ತಮ್ಮ ಕಡೆಗೆ ಎಳೆದುಕೊಂಡರು.

"ಅಳಿಯನ್ನ ನಿಲ್ಲಿಸ್ತೀನಿ. ನಾಳೆಯಿಂದಲೇ, ಸದ್ದಿಲ್ಲದೆ. ಕಾಲುನೋವು ಅಂತ ಬರೆಸ್ತೀನಿ. ನಿಮಗೆ ಬೇಕಾದ್ದು ಹಸು ಉಳಿಯೋದು ತಾನೆ? ಉಳಿಯುತ್ತೆ. ವರದಿಯಲ್ಲಿ ಮಾತ್ರ ಕಾರಣ ಇದು ಅಂತ ಇರಲಿ. ಕಡ್ಡಿಗಳು ಶುದ್ಧ, ಹಾಕಿದ ರೀತಿ ಸರಿಯಿಲ್ಲ."

"ಆ ಕಾರ್ಯಕರ್ತನ ಗತಿ?"

"ಹೆಸರೆಲ್ಲಿದೆ? ಸಂಖ್ಯೆ ಒಂದು ಅಂತ ತಾನೆ ಇರೋದು. ಒಂದು ಎಚ್ಚರಿಕೆ ಪತ್ರ ಹೋಗುತ್ತೆ, ಅಷ್ಟೇ."

ಎರಡು ದಿನ ಸಮಯ ಕೇಳಿದಳು. ಆ ಎರಡು ದಿನ ತಕ್ಕಡಿ ಹಿಡಿದು ತೂಗಿದ್ದೇ ತೂಗಿದ್ದು. ಒಂದು ತಟ್ಟೆಯಲ್ಲಿ ಇನ್ನೂ ಕಂದು ಹಾಕದ ಹಸುಗಳು. ಇನ್ನೊಂದರಲ್ಲಿ ಒಬ್ಬ ಮನುಷ್ಯನಿಗೆ ಬರುವ ಒಂದು ಎಚ್ಚರಿಕೆ ಪತ್ರ. ಆ ಮನುಷ್ಯ ಬೇರೆ ಯಾರೂ ಅಲ್ಲ, ಭಾವ, ಅರ್ಥ ಮಾಡಿಕೊಳ್ಳುತ್ತಾರೆ. ಅರ್ಥ ಮಾಡಿಕೊಳ್ಳುವವರ ಬೆನ್ನಿನ ಮೇಲೇ ಲೋಕದ ಮೂಟೆಗಳೆಲ್ಲ ಹೋಗಿ ಕೂರುವುದು ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಮನಸ್ಸಿನ ಒಂದು ಮೂಲೆಯಲ್ಲಿ ಫ್ರೀಜರಿನ ಹನ್ನೆರಡು ವರ್ಷವೂ ಇತ್ತು, ವಿಜ್ಞಾನದ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಗಬಹುದಾದ ತನ್ನ ಹೆಸರೂ ಇತ್ತು. ಆ ಮೂಲೆಯನ್ನು ಅವಳು ಗುಡಿಸಲು ಹೋಗಲಿಲ್ಲ. ಭಾವನಿಗೆ ಮೊದಲೇ ಒಂದು ಮಾತು ಹೇಳಬೇಕೆಂದು ಫೋನು ಎತ್ತಿದಳು, ಆಮೇಲೆ ಎದುರು ಕೂತೇ ಹೇಳುವುದು ಒಳ್ಳೆಯದೆಂದು ಇಟ್ಟಳು. ಮೂರನೆಯ ದಿನ ಸಹಿ ಹಾಕಿದಳು.

ನಿರ್ದೇಶಕರು ಮಾತು ತಪ್ಪಲಿಲ್ಲ. ಮರುದಿನವೇ ಅಳಿಯನನ್ನು ಹಿಂದಿನ ಕೊಟ್ಟಿಗೆಗೆ ಸಾಗಿಸಿದ್ದನ್ನು ಅವಳು ಕಿಟಕಿಯಿಂದ ಕಂಡಳು. ಕಾಲಿಗೆ ನಿಜವಾಗಿಯೂ ಒಂದು ಪಟ್ಟಿ ಸುತ್ತಿದ್ದರು.

ವರದಿ ಅಚ್ಚಾಯಿತು. ಊರಿನ ಪತ್ರಿಕೆಯಲ್ಲಿ ಎರಡು ಕಾಲಂ ಬಂತು. ಕಾರ್ಯಕರ್ತ ಸಂಖ್ಯೆ ಒಂದು ಎಂದೇ ಹಾಕಿದ್ದರು. ಸಂಖ್ಯೆ ಎರಡು ಎಂಬುದು ಆ ಆರು ಊರುಗಳಲ್ಲಿ ಇರಲೇ ಇಲ್ಲವಲ್ಲ. ಅಕ್ಷರ ಬಾರದವರೂ ಲೆಕ್ಕ ಹಾಕಿಬಿಟ್ಟರು. ಎಚ್ಚರಿಕೆ ಪತ್ರದ ಬದಲು ಇಬ್ಬರು ಬಂದು ಕ್ಯಾನನ್ನೂ ಸಲಾಕೆಯನ್ನೂ ಪರವಾನಗಿಯನ್ನೂ ತೆಗೆದುಕೊಂಡು ಹೋದರು. ಹಾಲು ಹಾಕಲು ಸಾಲಿನಲ್ಲಿ ನಿಂತ ಅಕ್ಕನಿಗೆ ಹಿಂದಿನವಳು, "ನಿಮ್ಮ ಕ್ಯಾನು ತೊಳೆದಿದೆ ತಾನೆ?" ಅಂದಳಂತೆ. ಡಾಕ್ಟರಮ್ಮ ಫೋನು ಮಾಡಿದಾಗ ಅಕ್ಕ ಇಷ್ಟೇ ಹೇಳಿದಳು: "ಅವರು ಊಟಕ್ಕೆ ಕೂತಿದ್ದಾರೆ." ಮಾರನೆಯ ದಿನವೂ ಊಟಕ್ಕೆ ಕೂತಿದ್ದರು. ಆಮೇಲೆ ಇವಳು ಮಾಡಲಿಲ್ಲ. ಹಸುಗಳಂತೂ ಉಳಿಯುತ್ತವೆ ಅಂದುಕೊಂಡಳು. ಹೀಗೆ ಮೂರು ತಿಂಗಳು ಅಂದುಕೊಂಡಳು.

ಒಂದು ಬೆಳಿಗ್ಗೆ ತನ್ನ ಮಾದರಿಗಳಿಗೆ ನೈಟ್ರೋಜನ್ ಬೇಕೆಂದು ಕೇಂದ್ರದ ಉಗ್ರಾಣಕ್ಕೆ ಹೋದಳು. ಬಾಗಿಲಲ್ಲಿ ಹನ್ನೆರಡು ದೊಡ್ಡ ಕ್ಯಾನುಗಳು ಲಾರಿ ಕಾಯುತ್ತ ನಿಂತಿದ್ದವು.

"ಎಲ್ಲಿಗೆ ಇಷ್ಟೊಂದು?"

"ಗುಡ್ಡದಾಚೆಗೆ ಮೇಡಂ," ಅಂದ ಉಗ್ರಾಣದವನು, ಚೀಟಿ ಅಂಟಿಸುತ್ತ. "ನಲವತ್ತೊಂದರ ಹಳೇ ದಾಸ್ತಾನು. ಮೂವತ್ತು ಸಾವಿರ ಕಡ್ಡಿ ಇನ್ನೂ ಇದೆ. ಅಳಿಯ ಕಾಲುನೋವು ಅಂತ ಮನೇಲಿ ಕೂತ್ರೂ ಸಂಸಾರ ನಡೀತಾನೇ ಇದೆ ನೋಡಿ."

ಅವಳು ನೈಟ್ರೋಜನ್ ತೆಗೆದುಕೊಳ್ಳುವುದನ್ನು ಮರೆತು ನೇರ ನಿರ್ದೇಶಕರ ಕೋಣೆಗೆ ಹೋದಳು.

"ನಿಲ್ಲಿಸ್ತೀನಿ ಅಂದಿದ್ರಿ."

"ಹೋರಿ ನಿಲ್ಲಿಸ್ತೀನಿ ಅಂದಿದ್ದೆ. ನಿಲ್ಲಿಸಿದೀನಿ. ಕಡ್ಡಿ ವಿಷಯ ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

"ಈಗ ಕೇಳ್ತಿದ್ದೀನಿ."

"ಈಗ ವರದಿಯಲ್ಲಿ ಕಡ್ಡಿ ಶುದ್ಧ ಅಂತ ಇದೆ. ಕೆಳಗೆ ಸಹಿ ಯಾರದ್ದಿದೆ ನೋಡಿಕೊಳ್ಳಿ." ಅವರ ದನಿಯಲ್ಲಿ ವ್ಯಂಗ್ಯವೂ ಇರಲಿಲ್ಲ, ಬರೀ ಆಯಾಸ.

"ನನ್ನ ಪುಸ್ತಕ ವಾಪಸ್ ಕೊಡಿ."

"ದಾಖಲೆ ವಿಭಾಗಕ್ಕೆ ಹೋಗಿದೆ. ಅರ್ಜಿ ಕೊಡಿ, ನೋಡೋಣ."

ಒಂಬತ್ತು ಪುಸ್ತಕ, ಯಂತ್ರದ ಹಾಳೆಗಳು, ಪರೀಕ್ಷೆ ಮಾಡಿ ಉಳಿದಿದ್ದ ಕಡ್ಡಿಯ ಚೂರುಗಳು, ಯಾವುದೂ ಈಗ ಅವಳ ಕೈಯಲ್ಲಿರಲಿಲ್ಲ. ಎಲ್ಲವನ್ನೂ ತಾನೇ ಹೊತ್ತು ಕೊಟ್ಟದ್ದು.

ಸಂಸ್ಥೆಯ ಜೀಪು ಅಲ್ಲೇ ಬಿಟ್ಟು ಬಸ್ಸು ಹಿಡಿದು ಅಕ್ಕನ ಮನೆಗೆ ಹೋದಳು. ಅಕ್ಕ ಬಾಗಿಲು ತೆರೆದು, ಒಳಗಿನಿಂದ ಕುರ್ಚಿ ತಂದು ಹಾಕಿದಳು. ಆ ಮನೆಯಲ್ಲಿ ಡಾಕ್ಟರಮ್ಮ ಯಾವತ್ತೂ ಕುರ್ಚಿಯ ಮೇಲೆ ಕೂತವಳಲ್ಲ. ನೆಲದ ಮೇಲೋ, ಹೊಸ್ತಿಲ ಮೇಲೋ, ಅಕ್ಕನ ಕಾಲಿನ ಹತ್ತಿರವೋ. ಈಗ ನೆಂಟರ ಹಾಗೆ ಕೂತಳು. ಭಾವ ಹಿತ್ತಲಿನಿಂದ ಬಂದರು. ಸೊರಗಿದ್ದರು. ಬೈಕು ಮಾರಿದ್ದರು ಅಂತ ಕಾಣುತ್ತದೆ, ಅಂಗಳದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

"ಬಂದ್ಯಾ? ಒಳ್ಳೇದಾಯ್ತು," ಅಂದರು. "ನಿನ್ನನ್ನ ಒಂದು ಕೇಳೋದಿತ್ತು." ಅಂಗಿಯ ಜೇಬಿನಿಂದ ಮಡಿಸಿ ಮಡಿಸಿ ಸವೆದ ಒಂದು ಹಾಳೆ ತೆಗೆದರು. ಇಪ್ಪತ್ಮೂರು ಮನೆಗಳ ಪಟ್ಟಿ. ಹತ್ತೊಂಬತ್ತರ ಮುಂದೆ ಗೀಟು ಹಾಕಿತ್ತು. "ಕಂದು ಹಾಕಿದ ಮನೆಗಳು. ಒಂದೊಂದಾಗಿ ಹೋಗಿ ತಪ್ಪಾಯ್ತು ಅಂತ ಹೇಳಿ ಬರ್ತಿದ್ದೀನಿ. ನಾಲ್ಕು ಉಳಿದಿದೆ. ಯಾವುದಾದರೂ ಬಿಟ್ಟುಹೋಗಿದೆಯಾ ನೋಡು."

ಹಾಳೆ ಅವರ ಕೈಯಲ್ಲೇ ಉಳಿಯಿತು.

"ಮೊದಲು ನಂಬಿಕೆ ಬರಲಿಲ್ಲ ನನಗೆ," ಅಂದರು ಭಾವ. "ಆ ತೊಡುಗೆ ಹಾಕಿದ ಹಸು ಒಂದೂ ಕೆಟ್ಟದ್ದು ನೆನಪಿರಲಿಲ್ಲ. ಆಮೇಲೆ ಯೋಚನೆ ಮಾಡಿದೆ. ಬೇರೆ ಯಾರೋ ಬರೆದಿದ್ದರೆ ಜಗಳ ಕಾಯ್ತಿದ್ದೆ. ಬರೆದವಳು ನೀನು. ನೀನು ಬರೆದ ಮೇಲೆ ನಿಜವೇ ಇರಬೇಕಲ್ಲ. ಕೆಳಗಿನ ಊರಿಂದ ನನ್ನ ಚಪ್ಪಲಿಗೋ ಅಂಗಿಗೋ ಅಂಟಿ ಬಂದಿರಬೇಕು ಅಂತ ನಾನೇ ದಾರಿ ಹುಡುಕ್ಕೊಂಡೆ."

ಅವಳು ಬರುವಾಗ ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ಬಂದಿದ್ದಳು. ಇದಕ್ಕೆ ಮಾಡಿಕೊಂಡಿರಲಿಲ್ಲ. ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು: ಹೋರಿ, ಎಂಟರಲ್ಲಿ ಮೂರು, ಹಳದಿ ಚೀಟಿ, ಸಹಿ, ಗುಡ್ಡದಾಚೆಗೆ ಹೊರಟ ಹನ್ನೆರಡು ಕ್ಯಾನು.

ಮೊದಲು ಮಾತಾಡಿದವಳು ಅಕ್ಕ. "ಗೊತ್ತಿದ್ದೂ?"

"ಗೊತ್ತಿದ್ದೂ."

ಅಕ್ಕ ಎದ್ದು ಒಳಗೆ ಹೋದಳು. ಒಲೆಯ ಹತ್ತಿರ ಪಾತ್ರೆ ಇಟ್ಟ ಸದ್ದಾಯಿತು, ತೆಗೆದ ಸದ್ದಾಯಿತು, ಮತ್ತೆ ಇಟ್ಟ ಸದ್ದಾಯಿತು. ಅಲ್ಲಿಂದಲೇ ದನಿ ಬಂತು: "ಹೈಸ್ಕೂಲಲ್ಲಿ ಇವಳಿಗೆ ಜ್ವರ ಬಂದಾಗ ಆಸ್ಪತ್ರೆಗೆ ಎತ್ಕೊಂಡು ಓಡಿದ್ದು ಯಾರು ಅಂತ ಕೇಳಿ." ಯಾರೂ ಕೇಳಲಿಲ್ಲ.

ಭಾವ ಹಾಳೆಯನ್ನು ಮಡಿಸಿದರು, ಬಿಚ್ಚಿದರು. "ಎಂಟರಲ್ಲಿ ಮೂರಾ?"

"ಹೌದು."

"ಹಾಗಾದ್ರೆ ಹಾಕಿದ್ದಂತೂ ನನ್ನ ಕೈಯೇ."

"ನಿಮ್ಮ ತಪ್ಪಿಲ್ಲ ಭಾವ. ಕಡ್ಡಿಯೊಳಗೆ ಏನಿದೆ ಅಂತ ನಿಮಗೆ ಹೇಗೆ ಗೊತ್ತಾಗಬೇಕು?"

"ಇದನ್ನ ನನಗೆ ಹೇಳಿ ಏನು ಬಂತು?" ಅಂದರು ಅವರು. ದನಿ ಏರಿರಲಿಲ್ಲ. "ಹತ್ತೊಂಬತ್ತು ಮನೆಯಲ್ಲಿ ಕೈ ಮುಗಿದು ನಿಂತಿದ್ದೀನಿ. ಕೆಲವರು ಕೂರು ಅಂದರು. ಕೆಲವರು ಗೇಟು ತೆಗೀಲಿಲ್ಲ. ಏಳು, ಚಪ್ಪಲಿ ಹಾಕ್ಕೋ. ಮೂಲೆಮನೆಗೆ ಬಂದು ಹೇಳು."

ದಾರಿಯುದ್ದಕ್ಕೂ ಭಾವ ನಾಲ್ಕು ಹೆಜ್ಜೆ ಮುಂದೆ ನಡೆದರು. ಹಾಲು ಸಂಘದ ಕಟ್ಟೆಯ ಮೇಲೆ ಕೂತಿದ್ದವರು ಮಾತು ನಿಲ್ಲಿಸಿ, ಇವರು ದಾಟಿದ ಮೇಲೆ ಮುಂದುವರಿಸಿದರು.

ಮೂಲೆಮನೆಯ ಕೊಟ್ಟಿಗೆಯಲ್ಲಿ ಈಗ ಎರಡು ಗೂಟವೂ ಖಾಲಿ. ಒಂದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿತ್ತು. ಮೂಲೆಮನೆಯಮ್ಮ ಭಾವನನ್ನು ನೋಡಲೇ ಇಲ್ಲ, ಡಾಕ್ಟರಮ್ಮನಿಗೆ ಮಣೆ ಹಾಕಿದಳು.

"ಬಾಮ್ಮ. ಹುಳ ಹಿಡಿದೆಯಂತೆ. ಪೇಪರಲ್ಲಿ ಓದಿ ಹೇಳಿದ್ರು."

"ಅದನ್ನೇ ಹೇಳೋಕೆ ಬಂದೆ. ಪೇಪರಲ್ಲಿ ಬಂದದ್ದು ಸುಳ್ಳು. ಭಾವನ ಕೈಯಿಂದ ಏನೂ ಆಗಿಲ್ಲ. ಕೇಂದ್ರದ ಹೋರಿಯ ಕಡ್ಡಿಯೊಳಗೇ ರೋಗ ಇತ್ತು. ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ."

ಮೂಲೆಮನೆಯಮ್ಮ ಅವಳನ್ನೂ, ಬಾಗಿಲ ಹೊರಗೆ ನಿಂತ ಭಾವನನ್ನೂ ಒಂದೊಂದು ಸಲ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದದ್ದು ಒಂದು ಥರದ ಕರುಣೆ.

"ಅಕ್ಕನ ಕಣ್ಣೀರು ನೋಡೋಕಾಗಲಿಲ್ಲ ಅಲ್ವಾ?" ಅಂದಳು ಮೆಲ್ಲಗೆ.

"ಹಾಗಲ್ಲ. ನಿಜ ಹೇಳ್ತಿದ್ದೀನಿ."

"ನನ್ನ ತಂಗಿಯಾಗಿದ್ರೂ ಹೀಗೇ ಬಂದು ಹೇಳ್ತಿದ್ಲು. ಹೇಳದಿದ್ರೆ ತಂಗಿ ಅಂತ ಯಾಕೆ ಕರೀಬೇಕು? ನಿನ್ನ ಮೇಲೆ ನನಗೇನೂ ಬೇಜಾರಿಲ್ಲ. ಅವತ್ತು ತನ್ನವನು ಅಂತ ನೋಡದೆ ಇದ್ದದ್ದು ಇದ್ದ ಹಾಗೆ ಬರೆದೆಯಲ್ಲ, ಊರೆಲ್ಲ ನಿನ್ನನ್ನ ಹೊಗಳಿತು. ಈಗ ಯಾಕೆ ಆ ಹೆಸರು ಕೆಡಿಸ್ಕೋತೀಯ?"

"ಅಮ್ಮಾ, ಆ ಕಡ್ಡಿ ಈಗಲೂ ಹಂಚ್ತಿದ್ದಾರೆ. ಹೊಸಬ ಬಂದಿದ್ದಾನಲ್ಲ, ಅವನ ಕ್ಯಾನಿನಲ್ಲೂ ಇರಬಹುದು. ನಲವತ್ತೊಂದು ಅಂತ ಇದ್ರೆ ಊರಲ್ಲಿ ಯಾರೂ ಹಾಕಿಸಬಾರದು."

"ಅವನು ತುಂಬ ಶುದ್ಧ ಕಣಮ್ಮ. ಪ್ರತಿ ಸಲ ಹೊಸ ಪ್ಲಾಸ್ಟಿಕ್ಕು ಹರಿದು ತೋರಿಸೇ ಹಾಕೋದು." ಅವಳು ಎದ್ದು ಸೆರಗು ಕೊಡವಿಕೊಂಡಳು. ಆಮೇಲೆ ಮೊದಲ ಸಲ ಭಾವನ ಕಡೆ ತಿರುಗಿದಳು. "ಕ್ಯಾನಣ್ಣ, ನೀನು ಒಬ್ಬನೇ ಬಂದು ತಪ್ಪಾಯ್ತು ಅಂದಾಗ ನನ್ನ ಕರುಳು ಕರಗಿತ್ತು. ಹೆಂಗಸನ್ನ ಮುಂದೆ ಬಿಟ್ಕೊಂಡು ಬಂದೆಯಲ್ಲ ಈಗ. ಬೇಕಿರಲಿಲ್ಲ."

ಭಾವ ಕೈ ಮುಗಿದರು. ಗೇಟು ದಾಟಿದರು.

ಬೀದಿಗೆ ಬಂದ ಮೇಲೆ ಡಾಕ್ಟರಮ್ಮ, "ಮುಂದಿನ ಮನೆಗೆ ಹೋಗೋಣ ಭಾವ. ಎಲ್ಲ ಇಪ್ಪತ್ಮೂರಕ್ಕೂ ಬರ್ತೀನಿ. ಬರೆದೂ ಕೊಡ್ತೀನಿ," ಅಂದಳು.

"ಯಾವುದನ್ನ ನಂಬಬೇಕು ಜನ? ನೀನು ಮೊದಲು ಬರೆದದ್ದನ್ನೋ, ಆಮೇಲೆ ಬರೆಯೋದನ್ನೋ?"

ಅವಳು ಮುಂದಿನ ಮನೆಯ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ಇವತ್ತಿನವರೆಗೆ ನಾನು ತಪ್ಪು ಮಾಡಿ ಒಪ್ಕೊಂಡವನಾಗಿದ್ದೆ," ಅಂದರು ಭಾವ. "ಅಷ್ಟರ ಮಟ್ಟಿಗೆ ತಲೆ ಎತ್ತಿ ನಡೀಬಹುದಿತ್ತು. ಸಂಜೆಯೊಳಗೆ ನಾದಿನಿ ಕೈಲಿ ಸುಳ್ಳು ಹೇಳಿಸಿದವನು ಅಂತಾಗುತ್ತೆ. ಸಾಕು. ಗುಡ್ಡದಾಚೆ ನಿನಗೆ ನೆಂಟರಿಲ್ಲ ಅಲ್ವಾ? ಅಲ್ಲಿಗೆ ಹೋಗಿ ಹೇಳು. ಅಲ್ಲಿ ನಂಬಿದರೂ ನಂಬಬಹುದು."

ಬಸ್ ನಿಲ್ದಾಣದವರೆಗೆ ಜೊತೆಗೆ ಬಂದರು. ಕಲ್ಲುಬೆಂಚಿನ ಎರಡು ತುದಿಗೆ ಇಬ್ಬರೂ ಕೂತರು. ಎದುರಿನ ಹೊಲದಲ್ಲಿ ಯಾರದೋ ಕಡಸು ಬೆದೆಗೆ ಬಂದು ಕೂಗುತ್ತಿತ್ತು. ಭಾವ ಅಭ್ಯಾಸಬಲದಿಂದ ಕತ್ತು ತಿರುಗಿಸಿ ಅದನ್ನೇ ನೋಡುತ್ತ, "ಬೆಳಿಗ್ಗೆಯಿಂದ ಕೂಗ್ತಿದೆ. ಇನ್ನು ತಡ ಮಾಡಬಾರದು," ಎಂದು ತಮಗೆ ತಾವೇ ಹೇಳಿಕೊಂಡರು.

ಆಮೇಲೆ, ಅವಳ ಕಡೆ ನೋಡದೆ ಅಂದರು: "ಮನೆಗೆ ಬರ್ಬೇಡ ಇನ್ನು. ಅಕ್ಕನ್ನ ನೋಡ್ಬೇಕು ಅನಿಸಿದ್ರೆ ಫೋನ್ ಮಾಡು. ಮನಸ್ಸಾದ್ರೆ ಅವಳೇ ಬರ್ತಾಳೆ."

ದೂಳೆಬ್ಬಿಸಿಕೊಂಡು ಬಸ್ಸು ಬಂತು. ಆ ನಿಲ್ದಾಣದಲ್ಲಿ ಗುರುತಿನವರು ಕೈ ಮಾಡದಿದ್ದರೆ ಡ್ರೈವರು ನಿಲ್ಲಿಸುವುದಿಲ್ಲ. ಭಾವ ಎದ್ದು ರಸ್ತೆಗೆ ಇಳಿದು ಕೈ ಅಡ್ಡ ಹಿಡಿದರು. ಬಸ್ಸು ನಿಂತಿತು. ಅವಳು ಹತ್ತಿ, ಕಿಟಕಿಯ ಪಕ್ಕ ಕೂತು ತಿರುಗಿ ನೋಡುವಷ್ಟರಲ್ಲಿ ಅವರು ರಸ್ತೆ ದಾಟಿ, ಹೊಲದ ಬದುವಿನ ಮೇಲೆ, ಕೂಗುತ್ತಿದ್ದ ಕಡಸಿನ ಕಡೆಗೆ ಹತ್ತು ಹೆಜ್ಜೆ ಹೋಗಿ, ಅಲ್ಲಿಂದ ಮುಂದೆ ಹೋಗದೆ, ಬರಿಗೈಯಲ್ಲಿ ನಿಂತಿದ್ದರು.